ಬಾಗಿಲ ಪಕ್ಕದ ಬುಟ್ಟಿ

ಆ ದಿನ ಮಳೆ ಮೊದಲು ಬಂತೋ, ಕರೆಂಟು ಮೊದಲು ಹೋಯಿತೋ ಎಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನ ಕಾಲದಿಂದಲೂ ಇದೆ. ಆದರೆ ಆ ಸುಗ್ಗಿಯ ಪುಟಗಳನ್ನು ಬರೆದದ್ದು ಸುಗ್ಗಿ ಮುಗಿದ ಮೇಲೆ, ನನ್ನ ಸೋದರತ್ತೆಯನ್ನು ಬಾಯಿತುಂಬ ಹೊಗಳುವ ಹುಮ್ಮಸ್ಸಿನಲ್ಲಿ. ಹೊಗಳುವ ಭರದಲ್ಲಿ ಮನುಷ್ಯರು ಮಳೆಯನ್ನೂ ಸ್ವಲ್ಪ ಜೋರು ಮಾಡುತ್ತಾರೆ. ಓದುವವರು ಒಂದಿಷ್ಟು ಮಳೆ ಕಡಿಮೆ ಮಾಡಿಕೊಂಡೇ ಓದಲಿ. ಮಿಕ್ಕಿದ್ದು ನನಗೆ ತಿಳಿದ ಮಟ್ಟಿಗೆ ನಿಜ.

ಹೋದ ತಿಂಗಳು ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೊರಟಿದ್ದೆ. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ರಸ್ತೆಯ ಒಂದು ಮಗ್ಗುಲಿಗೆ ಒಣಗಲು ಹರವಿದ್ದ ಭತ್ತವನ್ನು ಹೆಂಗಸರು ಕಾಲಿನಿಂದ ಗೆರೆ ಎಳೆದಂತೆ ತಿರುವಿಹಾಕುತ್ತಿದ್ದರು. ಕಿಟಕಿಯಿಂದ ಹಸಿ ಭತ್ತದ ವಾಸನೆ ಒಳಗೆ ಬಂತು: ನೆನೆಹಾಕಿ ಮರೆತ ಅಕ್ಕಿಯ ಹಾಗೆ, ಅರ್ಧ ಸಿಹಿ, ಅರ್ಧ ಹುಳಿ. ಪಕ್ಕದಲ್ಲಿ ಕೂತಿದ್ದ ಕುರ್ಡಿ ಊರಿನ ಹೆಂಗಸು, "ಹಸಿ ಹಿಡೀತು ನೋಡ್ರಿ. ಇನ್ನ ಮಿಲ್ಲಿನವ್ರು ಮೂಗು ಮುರೀತಾರ" ಎಂದಳು. ನಾನು ಹ್ಞೂಂ ಎಂದೆ. ನನ್ನ ಮನಸ್ಸು ಆಗಲೇ ರಾಯಚೂರಿನ ಆ ಮಿಲ್ಲಿನ ಕೋಣೆಗೆ ಹೋಗಿಬಿಟ್ಟಿತ್ತು. ಅಲ್ಲಿ ಯುಪಿಎಸ್ ಮೇಲೆ ಸದಾ ಒಂದು ರೊಟ್ಟಿ ಡಬ್ಬಿ ಇರುತ್ತಿತ್ತು.

ಡಬ್ಬಿ ನೀಲತ್ತೆಯದು. ಅಪ್ಪನ ತಂಗಿ. ಯುಪಿಎಸ್ ಬಿಸಿಗೆ ರೊಟ್ಟಿ ಮೆತ್ತಗಿರುತ್ತವೆ ಎಂಬುದು ಅವಳ ವಾದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಿ ಮಾತ್ರ ಯಾವಾಗಲೂ ಚುರುಕು. ಗಣಕಶಾಸ್ತ್ರದಲ್ಲಿ ಡಿಗ್ರಿ ಮಾಡಿಕೊಂಡು, ಆ ಅಕ್ಕಿ ಮಿಲ್ಲಿಗೆ ಮೊದಲ ಕಂಪ್ಯೂಟರ್ ಬಂದ ದಿನದಿಂದ ಅದರ ಉಸ್ತುವಾರಿ ನೋಡಿಕೊಂಡವಳು. ತನ್ನ ಕೆಲಸ ತನಗೆ ಚೆನ್ನಾಗಿ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಮತ್ತು ಅದನ್ನು ಎಲ್ಲರಿಗೂ ಹೇಳುತ್ತಿದ್ದಳು. ನಾನು ವಿಶ್ವವಿದ್ಯಾಲಯದಿಂದ ಎಂಸಿಎ ಮುಗಿಸಿ, ಮುಂದೇನು ಎಂದು ಕೇಳುವವರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದಾಗ ಅವಳ ಫೋನು ಬಂತು.

"ಸುಮಿ, ಮನ್ಯಾಗ ಕುಂತು ಸರ್ಟಿಫಿಕೇಟಿಗೆ ಗಾಳಿ ಹಾಕಿದ್ದು ಸಾಕು. ಸುಗ್ಗಿ ಮುಗಿಯೂತನ ಇಲ್ಲಿ ಬಾ. ಊಟ ನಂದು, ಬೈಗುಳಾನೂ ನಂದು."

ಮಿಲ್ಲು ರಾಯಚೂರಿನಲ್ಲಿ. ಭತ್ತ ಕೊಳ್ಳುವ ಕಾಟಾಗಳು, ಅಂದರೆ ಟ್ರ್ಯಾಕ್ಟರನ್ನೇ ನಿಲ್ಲಿಸಿ ತೂಗುವ ಕಟ್ಟೆಗಳು, ಮಾನ್ವಿಯಲ್ಲೊಂದು, ದೇವದುರ್ಗದಲ್ಲೊಂದು. ತುಂಬಿದ ಟ್ರ್ಯಾಕ್ಟರು ಕಟ್ಟೆ ಏರಿದಾಗ ಒಂದು ತೂಕ. ಭತ್ತ ರಾಶಿಗೆ ಸುರಿದು ಖಾಲಿ ಬಂದಾಗ ಇನ್ನೊಂದು. ನಡುವೆ ತೇವಾಂಶ ಅಳೆಯುತ್ತಾರೆ. ರೈತನ ಕೈಗೆ ಕೊಡುವ ಚೀಟಿಯಲ್ಲಿ ತುಂಬಿದ ಗಾಡಿಯ ತೂಕ ಮಾತ್ರ ಇರುತ್ತಿತ್ತು. ಉಳಿದದ್ದೆಲ್ಲ ಅಲ್ಲಿನ ಯಂತ್ರದೊಳಗೆ. ಪೂರ್ತಿ ಲೆಕ್ಕದ ಬಿಲ್ಲು ಮರುದಿನ ರಾಯಚೂರಿನಿಂದ ಹೋಗುತ್ತಿತ್ತು.

ಆ ಯಂತ್ರಗಳ ಡೇಟಾಬೇಸ್ ತನ್ನ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ಲಾಗ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಯಂತ್ರ ನಡುವೆ ಕೈಕೊಟ್ಟರೆ, ರಾತ್ರಿ ತೆಗೆದ ಬ್ಯಾಕಪ್ಪಿನ ಮೇಲೆ ಈ ಲಾಗನ್ನು ಸಾಲಾಗಿ ಓಡಿಸಿ ಆ ದಿನವನ್ನು ಮತ್ತೆ ಕಟ್ಟಬಹುದು. ಆದರೆ ಲಾಗುಗಳು ಬೆಳೆಯುತ್ತಲೇ ಹೋಗುತ್ತವೆ. ಸುಗ್ಗಿಯಲ್ಲಂತೂ ಡಿಸ್ಕು ಕಣಜದ ಹಾಗೆ ಗಂಟಲತನಕ ತುಂಬುತ್ತದೆ. ತುಂಬಿದರೆ ಡೇಟಾಬೇಸ್ ನಿಲ್ಲುತ್ತದೆ, ಕಾಟಾ ನಿಲ್ಲುತ್ತದೆ, ಟ್ರ್ಯಾಕ್ಟರುಗಳು ರಸ್ತೆಗೆ ಸಾಲುಗಟ್ಟುತ್ತವೆ. ನಾನು ಬಂದ ವಾರವೇ ಮಾನ್ವಿಯಲ್ಲಿ ಹಾಗಾಯಿತು. ಅತ್ತೆ ಫೋನಿನಲ್ಲೇ ಒಂದೊಂದು ಲಾಗನ್ನೂ ವಿಚಾರಿಸಿ, ನಕಲು ರಾಯಚೂರಿಗೆ ಬಂದಿದೆಯೇ ನೋಡಿ, ಆಮೇಲೆ ಬಿಡಿಸಿದಳು. ಅಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

ಮಿಲ್ಲಿನ ಯಜಮಾನರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಅವರು ಕೋಣೆಯ ಬಾಗಿಲಲ್ಲಿ ನಿಂತು, "ನೀಲಮ್ಮ, ಇದಕ್ಕ ತಾನ ಕಸ ಹೊಡಕೊಳ್ಳೋದು ಕಲಿಸಾಕ ಬರಂಗಿಲ್ಲೇನು?" ಎಂದು ಕೇಳಿದರು.

"ಬರ್ತದ್ರಿ. ಆದ್ರ ಇದು ಕಸ ಅಲ್ರಿ" ಎಂದಳು ಅತ್ತೆ.

ಕೆಲಸ ನನ್ನ ಪಾಲಿಗೆ ಬಂತು. ಒಂದು ವಾರಕ್ಕಿಂತ ಹಳೆಯ ಲಾಗುಗಳನ್ನು ಪ್ರತಿದಿನ ಬೆಳಿಗ್ಗೆ ಹುಡುಕಿ ತೆಗೆದುಹಾಕುವ ಸ್ಕ್ರಿಪ್ಟು ಬರೆದೆ. ನಕಲುಗಳು ದಿನವೂ ರಾಯಚೂರಿಗೆ ಬರುತ್ತವೆ, ಹಾಗಾಗಿ ವಾರ ಹಳೆಯದಾದದ್ದು ಬಂದೇ ಇರುತ್ತದೆ ಎಂಬುದು ನನ್ನ ತರ್ಕ. ಯಾರಾದರೂ ಹಾಗೇ ಬರೆಯುತ್ತಿದ್ದರು ಎಂದು ಈಗಲೂ ಅನ್ನಿಸುತ್ತದೆ. ಅತ್ತೆ ಅದನ್ನು ಪದ್ಯ ಓದುವ ಹಾಗೆ ತುಟಿಯಾಡಿಸುತ್ತ ಓದಿದಳು. ಎರಡು ಕಡೆ ತಿದ್ದಿದಳು. ಫೈಲನ್ನು ನಾವೇ ಕೈಹಾಕಿ ಅಳಿಸಬಾರದು, ಬಿಡು ಎಂದು ಡೇಟಾಬೇಸಿಗೇ ಹೇಳಬೇಕು. ಅದಕ್ಕೆ ಇನ್ನೂ ಬೇಕಾಗಿದ್ದರೆ ಅದು ಬಿಡುವುದಿಲ್ಲ. ತಿದ್ದಿದ ಮೇಲೆ ಕನ್ನಡಕ ತೆಗೆದು ಹೇಳಿದಳು:

"ಚಲೋ ಬರದೀ. ಓಡ್ತದ. ಮನುಷ್ಯಾ ತಪ್ಪು ಮಾಡಿದ್ರ ಒಂದ್ ಸಲ ಮಾಡ್ತಾನ. ಇದು ದಿನಾ ಮುಂಜಾನಿ ಎದ್ದು, ಸ್ನಾನ ಮಾಡಿದವರಂಗ ತಪ್ಪದಂಗ ಮಾಡ್ತದ. ಏಳು, ನಿನಗೊಂದು ತೋರಸ್ತೀನಿ."

ಪಕ್ಕದ ಕೋಣೆಗೆ ಕರೆದೊಯ್ದಳು. ಅದು ನಮೂನೆ ಕೋಣೆ. ಕೊಂಡ ಪ್ರತಿ ರಾಶಿಯಿಂದ ಒಂದು ಹಿಡಿ ಭತ್ತವನ್ನು ಪೊಟ್ಟಣ ಕಟ್ಟಿ, ರೈತನ ಹೆಸರು ಬರೆದು ಹಲಗೆಗಳ ಮೇಲೆ ಇಡುತ್ತಾರೆ. ಅಕ್ಕಿಯ ಬಗ್ಗೆ ತಕರಾರು ಬಂದರೆ ಆ ಪೊಟ್ಟಣವೇ ಸಾಕ್ಷಿ. ಅಕ್ಕಿ ಮಾರಿ ಹೋಗಿ, ಯಾರ ದೂರೂ ಇಲ್ಲವೆಂದಾದ ಮೇಲೆ ಹಳೆಯ ಪೊಟ್ಟಣಗಳನ್ನು ಬಿಸಾಡುತ್ತಾರೆ. ಆದರೆ ನೇರವಾಗಿ ಬಿಸಾಡುವುದಿಲ್ಲ. ಬಾಗಿಲ ಪಕ್ಕ ಒಂದು ಅಗಲ ಬಾಯಿಯ ಬಿದಿರಿನ ಬುಟ್ಟಿ. ಹೋಗಬೇಕಾದ ಪೊಟ್ಟಣಗಳು ಹೆಸರು ಮೇಲೆ ಕಾಣುವಂತೆ ಒಂದು ದಿನ ಅದರಲ್ಲಿ ಕೂತಿರಬೇಕು. ಹಮಾಲರು, ಗುಮಾಸ್ತರು, ಸಾವ್ಕಾರ್ರು, ಚಹಾ ತರುವವರು, ಎಲ್ಲರೂ ಅದೇ ಬಾಗಿಲಲ್ಲಿ ಓಡಾಡುತ್ತಾರೆ. ಯಾರಾದರೂ "ಏ, ಈ ರಾಶಿ ಇನ್ನೂ ಗೋದಾಮಿನ್ಯಾಗ ಅದ" ಎಂದು ಎತ್ತಿಕೊಂಡರೆ ಅದು ಮರಳಿ ಹಲಗೆಗೆ. ಈ ರೂಢಿ ಯಾರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ.

"ನಿನ್ನ ಸ್ಕ್ರಿಪ್ಟಿಗೆ ಬುಟ್ಟಿ ಇಲ್ಲ" ಎಂದಳು ಅತ್ತೆ. "ಈ ಸುಗ್ಗಿ ಪೂರಾ ಅದು ಏನೂ ಅಳಸಬಾರ್ದು. ಏನೇನು ಅಳಸ್ತಿದ್ದೆ ಅಂತ ಹೇಳ್ಲಿ, ಅಷ್ಟ. ನಾವು ನೋಡೂಣು."

"ಪೂರ್ತಿ ಸುಗ್ಗಿನಾ ಅತ್ತೀ? ಒಂದ್ ವಾರ ಸಾಲೂದಿಲ್ಲೇನು?"

"ವಾರದಾಗ ಚಲೋ ದಿನಾ ನೋಡಬೌದು ಯವ್ವಾ. ಕೆಟ್ಟ ದಿನ ನೋಡ್ಬೇಕಂದ್ರ ಸುಗ್ಗಿ ಬೇಕು."

ಹೀಗೆ ನನ್ನ ಸ್ಕ್ರಿಪ್ಟು ಆ ವರ್ಷ ಕೈಕಟ್ಟಿಕೊಂಡು ಮಾತನ್ನಷ್ಟೇ ಆಡಿತು. ಬೆಳಿಗ್ಗೆ ಆಯಾ ಊರಿನ ಪರದೆಯ ಮೇಲೆ ಪಟ್ಟಿ ಬರುತ್ತಿತ್ತು. ಅದೇ ಪಟ್ಟಿ ನಮ್ಮ ವಾಟ್ಸ್ಯಾಪ್ ಗುಂಪಿಗೂ ಬರುತ್ತಿತ್ತು. ಗುಂಪಿಗೆ ಅತ್ತೆ ಇಟ್ಟ ಹೆಸರು 'ಬುಟ್ಟಿ'. ಅಳಿಸುವುದನ್ನು ಮಾತ್ರ ಅತ್ತೆ ಮೊದಲಿನ ಹಾಗೆ ತಾನೇ ನಕಲು ನೋಡಿ ಮಾಡುತ್ತಿದ್ದಳು. ಇದರಿಂದ ಅವಳ ಕೆಲಸ ಕಡಿಮೆಯಾಗುವ ಬದಲು ಇಮ್ಮಡಿಯಾಗಿತ್ತು. ಅದನ್ನು ಅವಳು ದಿನವೂ ನನಗೆ ಹೇಳಿ ತೋರಿಸುತ್ತಿದ್ದಳು.

ದೇವದುರ್ಗದ ಕಾಟಾದಲ್ಲಿ ಇದ್ದವರು ರಫೀಕ್ ಭಾಯಿ. ಮನೆಯಲ್ಲಿ ದಖ್ಖನಿ, ಕಾಟಾದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಪಟ್ಟಿ ಖಾಲಿ ಇದ್ದ ದಿನ ಗುಂಪಿನಲ್ಲಿ ಅವರ ದನಿ ಕೇಳುತ್ತಿತ್ತು: "ಮೇಡಂ, ಇವತ್ತ ನಿಮ್ಮ ಬುಟ್ಟಿಗೂ ರೋಜಾ ಉಪವಾಸ ಏನ್ರಿ?" ಅತ್ತೆ ತಿರುಗಿ ದನಿ ಕಳಿಸುತ್ತಿದ್ದಳು: "ನೋಡಿದ್ರಲ್ಲಾ, ಅದ ಮುಖ್ಯ. ನಗೂದು ಆಮ್ಯಾಲ."

ಮಂಜು ಮುಸುಕಿದ ಬೆಳಗುಗಳು ಕಳೆದವು. ಮಿಲ್ಲಿನ ಬಾಯ್ಲರಿನ ಉಗಿ, ಹೊಟ್ಟಿನ ಧೂಳು, ಅಂಗಳದ ತುಂಬ ಗುಬ್ಬಿಗಳು. ಸಾವ್ಕಾರ್ರು ಬಂದಾಗಲೆಲ್ಲ ಕೇಳುತ್ತಿದ್ದರು, "ಇನ್ನೂ ನೋಡಾಕತ್ತೀರೇನು?" ಅತ್ತೆ, "ನೋಡಾಕತ್ತೀವ್ರಿ" ಎನ್ನುತ್ತಿದ್ದಳು. ನನಗೂ ಒಳಗೊಳಗೆ ಬೇಸರವಾಗಿತ್ತು. ಪಟ್ಟಿ ದಿನವೂ ಸರಿಯೇ ಇರುತ್ತಿತ್ತು.

ಸುಗ್ಗಿಯ ಕೊನೆಯ ಭಾಗದಲ್ಲಿ ಸಮುದ್ರದ ಕಡೆ ಎಲ್ಲೋ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂತು. ಕೊಯ್ದವರೆಲ್ಲ ಮಳೆ ಮುಟ್ಟುವ ಮುಂಚೆ ಮಾರಬೇಕೆಂದು ಹೊರಟರು. ಗಬ್ಬೂರು, ಜಾಲಹಳ್ಳಿ ಕಡೆಯ ಟ್ರ್ಯಾಕ್ಟರುಗಳು ತಾಡಪಾಲು ಹೊದ್ದು ದೇವದುರ್ಗದ ಕಾಟಾಕ್ಕೆ ಮುಗಿಬಿದ್ದವು. ಮಧ್ಯಾಹ್ನದ ಹೊತ್ತಿಗೆ ಮಳೆ. ಕರೆಂಟು ಹೋಗಿ ಬಂದು ಹೋಗಿ ಬಂತು. ಅಲ್ಲಿನ ಯುಪಿಎಸ್ ಬ್ಯಾಟರಿ ಮುದಿಯಾಗಿತ್ತು. ಯಂತ್ರ ಆರಿ ಹೊತ್ತಿತು. ರಾಯಚೂರಿಗೆ ಬರುವ ಇಂಟರ್ನೆಟ್ ಲೈನು ಎಲ್ಲೋ ಕಡಿದುಹೋಯಿತು. ಆದರೂ ರಫೀಕ್ ಭಾಯಿ ಸಂಜೆತನಕ ತೂಗುತ್ತಲೇ ಇದ್ದರು, ಭತ್ತ ಒಂದೇ ರಾಶಿಗೆ ಬೀಳುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಮಾನ್ವಿಯ ಪಟ್ಟಿ ಬಂತು. ದೇವದುರ್ಗದ್ದು ಬರಲಿಲ್ಲ.

"ಲೈನ್ ಇಲ್ಲಲ್ಲ ಅತ್ತೀ. ಬಂದ ಮ್ಯಾಲೆ ನೋಡಿದ್ರಾತು" ಎಂದೆ.

"ಬುಟ್ಟಿ ಕಾಣಂಗಿಲ್ಲ ಅಂದ್ರ ಖಾಲಿ ಅದ ಅಂತ ಅಲ್ಲ" ಎಂದು ಅತ್ತೆ ಫೋನು ಹಚ್ಚಿದಳು. ಮಾತು ಕಡಿದು ಕಡಿದು ಬರುತ್ತಿತ್ತು. "ರಫೀಕ್ ಭಾಯಿ, ಪರದೆ ಮ್ಯಾಲ ಇದ್ದದ್ದು ಓದ್ರಿ. ತಾರೀಕು ಸಮೇತ."

ಅವರು ಓದಿದರು. ನಡುವೆ ನಿಲ್ಲಿಸಿ, "ಅರೆ, ಇದೇನ್ರಿ ಮೇಡಂ? ಪಟ್ಟಿ ತುಂಬ ಹಳೇ ವರ್ಷ ಬರದದ. ಆ ವರ್ಷ ನಂದಿನ್ನೂ ಶಾದಿ ಸೈತ ಆಗಿದ್ದಿಲ್ಲ!"

ನನಗೆ ನಗು ಬಂತು. ಅತ್ತೆ ನಗಲಿಲ್ಲ. "ಫೈಲಿನ ಹೆಸರಿನ್ಯಾಗ ಕಡೀಗೆ ನಂಬರ್ ಇರ್ತದ. ಅದು ಓದ್ರಿ" ಎಂದಳು. ಅವರು ಓದಿದರು. ಅವು ನಿನ್ನೆಯ ನಂಬರುಗಳು.

ತಿಳಿಯಲು ನನಗೆ ಕೊಂಚ ಹೊತ್ತು ಹಿಡಿಯಿತು. ಯಂತ್ರದೊಳಗೆ ಗಡಿಯಾರ ನಡೆಸುವ ಗುಂಡಿಯಂಥ ಸೆಲ್ಲು ಎಂದೋ ಸತ್ತುಹೋಗಿತ್ತು. ಪ್ರತಿಸಲ ಕರೆಂಟು ಹೋಗಿ ಬಂದಾಗ ಯಂತ್ರ ಹಳೆಯ ವರ್ಷದಲ್ಲಿ ಕಣ್ಣುಬಿಡುತ್ತಿತ್ತು, ಕೂಡಲೇ ಇಂಟರ್ನೆಟ್ಟಿನಿಂದ ಸರಿಯಾದ ವೇಳೆ ಕೇಳಿ ತಿಳಿದುಕೊಳ್ಳುತ್ತಿತ್ತು. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ನಿನ್ನೆ ಕೇಳಲು ಲೈನೇ ಇರಲಿಲ್ಲ. ಹಾಗಾಗಿ ಮಳೆಯ ಆ ಮಧ್ಯಾಹ್ನದ ಲಾಗುಗಳೆಲ್ಲ ಹಳೆಯ ವರ್ಷದ ತಾರೀಕು ಹೊತ್ತು ಕೂತಿದ್ದವು. ರೈತರ ಚೀಟಿಗಳ ಮೇಲೂ ಅದೇ ವರ್ಷ ಅಚ್ಚಾಗಿತ್ತಂತೆ. ಆ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ? ನನ್ನ ಸ್ಕ್ರಿಪ್ಟಿನ ಕಣ್ಣಿಗೆ ಅವು ತೀರಾ ಹಳೆಯವು, ಎಲ್ಲಕ್ಕಿಂತ ಮೊದಲು ಹೋಗಬೇಕಾದವು. ಅವುಗಳ ಒಂದು ನಕಲೂ ರಾಯಚೂರಿಗೆ ಬಂದಿರಲಿಲ್ಲ.

ಅಷ್ಟರಲ್ಲಿ ದೇವದುರ್ಗದ ಯಂತ್ರದಲ್ಲಿ ಡೇಟಾಬೇಸೂ ನಿಂತಿತು. ನಿನ್ನೆಯ ನೂಕುನುಗ್ಗಲಿನ ಲಾಗುಗಳಿಂದ ಡಿಸ್ಕು ತುಂಬಿತ್ತು. ಜೊತೆಗೆ, ಆರಿ ಹೊತ್ತಿದ ಯಂತ್ರದೊಳಗೆ ನಿನ್ನೆಯ ದಾಖಲೆ ಎಷ್ಟು ಸರಿಯಿದೆಯೋ ಹೇಳುವಂತಿರಲಿಲ್ಲ. ಅದಕ್ಕೆ ಆಧಾರ ಆ ಲಾಗುಗಳೊಂದೇ. ಹೊರಗೆ ಟ್ರ್ಯಾಕ್ಟರುಗಳು, ಮೇಲೆ ಜಿನುಗು ಮಳೆ. ಸಾವ್ಕಾರ್ರು ಕೋಣೆಗೆ ಬಂದರು.

"ನೀಲಮ್ಮ, ಒಂದೆರಡು ಫೈಲ್ ತಗದು ಜಾಗಾ ಮಾಡ್ರಿ. ಜನ ನಿಂತಾರ."

"ಆ ಫೈಲ್ನ್ಯಾಗೂ ಜನ ಅದಾರ್ರಿ ಸಾವ್ಕಾರ್ರ. ನಿನ್ನಿ ಬಂದವರು."

"ಹಂಗಂದ್ರ ತೂಕ ಕೈಲೆ ಬರೀಲಿ."

ಅದನ್ನು ರಫೀಕ್ ಭಾಯಿ ಆಗಲೇ ಕೇಳಿ ನೋಡಿದ್ದರು. ಕೈಬರಹದ ತೂಕ ತಾವು ಒಪ್ಪುವುದಿಲ್ಲ ಎಂದು ರೈತರು ಹೇಳಿಬಿಟ್ಟಿದ್ದರು. ಸುದ್ದಿ ಹರಡಿ ನಿನ್ನೆ ಮಾರಿದವರೂ ಬಂದು ಸೇರಿದರು. ಫೋನಿನ ಹಿಂದೆ ಒಬ್ಬ ಮುದುಕರ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು, ಜಾಲಹಳ್ಳಿಯವರಂತೆ: "ನಮ್ ಭತ್ತ ರಾಶಿಗೆ ಬಿತ್ತಲ್ಲೋ ತಮ್ಮಾ. ಈಗ ಯಾವ ಕಾಳು ನಂದು ಅಂತ ಆರಸ್ಲಿ?"

ಸಾವ್ಕಾರ್ರಿಗೂ ಅದು ಕೇಳಿಸಿರಬೇಕು. ಕುರ್ಚಿ ಎಳೆದುಕೊಂಡು ಕೂತರು.

ಅತ್ತೆ ಅಂದು ಮಾಡಿದ್ದನ್ನು ನೆನೆದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಒಂದಿಷ್ಟೂ ದನಿ ಏರಿಸದೆ, ಆ ಕಡಿಯುವ ಫೋನಿನಲ್ಲಿ, ರಫೀಕ್ ಭಾಯಿಯ ಕೈಯಿಂದ ಎಲ್ಲ ಲಾಗುಗಳನ್ನೂ ಎರಡು ಪೆನ್‌ಡ್ರೈವಿಗೆ ನಕಲು ಮಾಡಿಸಿದಳು. "ಒಂದು ನಿಮ್ಮ ಕಿಸೇಕ. ಇನ್ನೊಂದು ರಾಯಚೂರು ಬಸ್ಸಿನ ಕಂಡಕ್ಟರಗೆ. ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಕೊಡ್ರಿ. ಮೂಲದ್ದು ಯಾವುದೂ ಮುಟ್ಟಬ್ಯಾಡ್ರಿ."

ಕಂಡಕ್ಟರ ಕೈಯಲ್ಲಿ ಔಷಧ, ಮೊಬೈಲು, ಮದುವೆ ಕಾರ್ಡು ಕಳಿಸುವುದು ನಮ್ಮ ಕಡೆ ಹೊಸದಲ್ಲ. ದೇವದುರ್ಗದ ಒಂದು ಇಡೀ ದಿನ ಹಾಗೆ ಗಬ್ಬೂರು ದಾಟಿ ಬಂತು. ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಕಂಡಕ್ಟರು ಅಂಗಿಯ ಜೇಬಿನಿಂದ ತೆಗೆದುಕೊಟ್ಟು, "ಏನೈತ್ರಿ ಇದ್ರಾಗ? ಆ ಸಾಬ್ರು ಕೂಸಿನಂಗ ಹಿಡಕೊಂಡು ಕೊಟ್ರಪಾ" ಎಂದರು.

ಅತ್ತೆ ಮಳೆಯ ದಿನಕ್ಕೆ ಮುಂಚಿನ ರಾತ್ರಿಯ ಬ್ಯಾಕಪ್ಪನ್ನು ಬೇರೆ ಯಂತ್ರದ ಮೇಲೆ ತೆರೆದು, ಲಾಗುಗಳನ್ನು ತಾರೀಕಿನ ಪ್ರಕಾರವಲ್ಲ, ನಂಬರಿನ ಸಾಲಿನಲ್ಲಿ ಓಡಿಸಿದಳು. ಪರದೆಯ ಮೇಲೆ ಹೆಸರುಗಳು ಏಳತೊಡಗಿದವು. ಎಲ್ಲ ಬಂದಂತೆ ಕಂಡಿತು. ನನಗೆ ಅಷ್ಟೇ ಸಾಕಾಗಿತ್ತು. ಅವಳಿಗೆ ಸಾಕಾಗಲಿಲ್ಲ. ಫೋನು ಹಚ್ಚಿ, "ಸ್ಪೀಕರ್ ಹಾಕ್ರಿ ರಫೀಕ್ ಭಾಯಿ. ನಾ ಓದ್ತೀನಿ, ನೀವು ಕೂಗ್ರಿ" ಎಂದಳು.

ಅವಳು ಹೆಸರು, ಊರು, ತುಂಬಿದ ತೂಕ, ಖಾಲಿ ತೂಕ, ತೇವಾಂಶ ಓದುತ್ತಾ ಹೋದಳು. ಅಲ್ಲಿ ರಫೀಕ್ ಭಾಯಿ ಕಾಟಾದ ಕಟ್ಟೆ ಹತ್ತಿ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು. ಗುಂಪಿನಿಂದ ಒಬ್ಬೊಬ್ಬರೇ ಚೀಟಿ ಹಿಡಿದು "ಹೌದ್ರಿ" ಎನ್ನುತ್ತಿದ್ದರು. ಒಬ್ಬಾತ "ಹಸಿ ಜಾಸ್ತಿ ಹಿಡದೀರಿ" ಎಂದು ಜಗಳಕ್ಕೆ ಬಂದ. "ಅದು ನಿನ್ನಿ ಜಗಳ ಮಾವಾ, ನಿನ್ನೀನ ಮುಗದದ" ಎಂದರು ರಫೀಕ್ ಭಾಯಿ, ಅಂಗಳವೆಲ್ಲ ನಕ್ಕಿತು. ಜಾಲಹಳ್ಳಿಯ ಮುದುಕರ ಹೆಸರು ಬಂದಾಗ ಅತ್ತೆ ನಿಧಾನವಾಗಿ, ಎರಡು ಸಲ ಓದಿದಳು. ಆ ಕಡೆಯಿಂದ, "ಬರೊಬ್ಬರಿ ಅದ. ಯಾರವ್ವಾ ನೀನು, ಎಲ್ಲಿಂದ ಮಾತಾಡಾಕತ್ತೀ?" ಎಂದರು.

"ರಾಯಚೂರಿಂದ, ಯಪ್ಪಾ. ನಿಮ್ ಭತ್ತದ ತೂಕ ಬಸ್ಸಿಗೆ ಬಂದಿತ್ತು."

ಹೆಸರು ಮುಗಿದ ಮೇಲೆಯೇ ಅವಳು ದೇವದುರ್ಗದ ಡೇಟಾಬೇಸಿಗೆ ಹಳೆಯ ಲಾಗುಗಳನ್ನು ಬಿಡಲು ಹೇಳಿಸಿದ್ದು. ಕಾಟಾ ಮತ್ತೆ ನಡೆಯಿತು. ಸಾವ್ಕಾರ್ರು ಎದ್ದು ಹೋಗುವಾಗ, "ಪೂರಾ ಸುಗ್ಗಿ ನೋಡ್ರಿ ನೀಲಮ್ಮ. ಬೇಕಂದ್ರ ಮುಂದಿನದೂ ನೋಡ್ರಿ" ಎಂದರು. ಅವರು ಹೋದ ಮೇಲೆ ಅತ್ತೆ ಡಬ್ಬಿ ತೆರೆದು, "ಇಷ್ಟು ಬಿಸಿ ರೊಟ್ಟಿ ಯಾವ ಸರ್ವರ್ ಕೊಡ್ತದ ಹೇಳು" ಎಂದಳು. ನನಗೊಂದು ಕೊಟ್ಟಳು. ತನ್ನದನ್ನು ಅರ್ಧಕ್ಕೇ ಬಿಟ್ಟು ಮತ್ತೆ ಪರದೆ ನೋಡಿದಳು, ಅಥವಾ ಹಾಗೆಂದು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ.

ಸೆಲ್ಲು ಬದಲಾಯಿತು. ಸ್ಕ್ರಿಪ್ಟನ್ನು ಇಬ್ಬರೂ ಕೂತು ಹೊಸದಾಗಿ ಬರೆದೆವು. ಅದು ಈಗ ತಾರೀಕನ್ನು ನಂಬುವುದಿಲ್ಲ. ನಂಬರಿನ ಸಾಲು ನೋಡುತ್ತದೆ. ನಕಲು ರಾಯಚೂರಿಗೆ ಬಂದು, ಅಲ್ಲಿ ಬ್ಯಾಕಪ್ಪಿನ ಮೇಲೆ ಓಡಿ, ಸರಿಯಿದೆ ಎಂಬ ಉತ್ತರ ಮರಳಿದ ಮೇಲಷ್ಟೇ ಲಾಗನ್ನು ಬುಟ್ಟಿಗೆ ಹಾಕುತ್ತದೆ. ಒಂದು ದಿನ ಬುಟ್ಟಿಯಲ್ಲಿಟ್ಟು ಆಮೇಲೆ ಬಿಡಲು ಹೇಳುತ್ತದೆ. ಗಡಿಯಾರ ಹಿಂದೆ ಸರಿದರೆ, ಉತ್ತರ ಬಾರದಿದ್ದರೆ, ಯಾವುದನ್ನೂ ಮುಟ್ಟದೆ ನಿಂತು ನಮ್ಮನ್ನು ಕೂಗುತ್ತದೆ. ಡಿಸ್ಕು ತುಂಬುವ ಮುಂಚೆಯೇ ಕೂಗುತ್ತದೆ. ಸುಗ್ಗಿಯ ಕೊನೆಯ ಟ್ರ್ಯಾಕ್ಟರು ಹೋದ ಮೇಲೆ ಅತ್ತೆ, "ಇನ್ನ ಕೈ ಬಿಚ್ಚು ಅದರದು" ಎಂದಳು. ಬಿಚ್ಚಿದೆ. ಏನೂ ಸದ್ದಾಗಲಿಲ್ಲ. ಕೆಲವು ಫೈಲುಗಳು ಇಲ್ಲವಾದವು, ಡಿಸ್ಕಿನಲ್ಲಿ ಜಾಗವಾಯಿತು, ಗುಬ್ಬಿಗಳು ಅಂಗಳದಲ್ಲಿ ತಮ್ಮ ಪಾಡಿಗಿದ್ದವು. ಅದು ಇವತ್ತಿಗೂ ನಡೆಯುತ್ತಿದೆ.

ಹೋದ ತಿಂಗಳು ಮಾನ್ವಿಗೆ ಹೋದದ್ದು ಅತ್ತೆಯನ್ನು ನೋಡಲೆಂದೇ. ಈಗ ಅವಳು ಅಲ್ಲಿನ ಕಾಟಾದ ಹೊಸ ಆಪರೇಟರುಗಳಿಗೆ ಕೆಲಸ ಕಲಿಸುತ್ತಿದ್ದಾಳೆ. ಊಟಕ್ಕೆ ಕೂತಾಗ ಬಸ್ಸಿನ ವಾಸನೆಯ ಮಾತು ತೆಗೆದು ಈ ಕಥೆಯನ್ನೆಲ್ಲ ಹೇಳಿದೆ. ಅವಳು ಚಟ್ನಿಪುಡಿಗೆ ಎಣ್ಣೆ ಹಾಕುತ್ತಾ ಕೇಳಿ, "ಶಾದಿ ಮಾತು ರಫೀಕ್ ಭಾಯಿ ಅಂದಿದ್ದಲ್ಲ, ಸಾವ್ಕಾರ್ರು ಅಂದಿದ್ದು" ಎಂದಳು.

"ಇಲ್ಲತ್ತೀ, ನನಗ ಅವರ ದನಿ ನೆನಪದ."

"ಲಾಗ್ ತಗದು ನೋಡು ಹಂಗಂದ್ರ" ಎಂದು ನಕ್ಕಳು. ಲಾಗಿನಲ್ಲಿ ಜೋಕುಗಳು ಇರುವುದಿಲ್ಲ. ಇದ್ದರೂ ಆ ಮಳೆಯ ದಿನದ ಲಾಗು ಈಗ ಇಲ್ಲ. ಅದು ಒಮ್ಮೆ ಓಡಿ, ಸರಿಯೆನಿಸಿಕೊಂಡು, ಬುಟ್ಟಿಯಲ್ಲಿ ಒಂದು ದಿನ ಕೂತು, ಯಾರೂ ಎತ್ತಿಕೊಳ್ಳದೆ, ಸರಿಯಾದ ಹೊತ್ತಿಗೆ ಹೋಗಿದೆ. ನನ್ನ ನೆನಪನ್ನು ಹಾಗೆ ಯಾರೂ ಓಡಿಸಿ ನೋಡಿಲ್ಲ.

ಹೊರಡುವಾಗ ಅವಳನ್ನು ಕೇಳಬೇಕೆಂದಿದ್ದದ್ದು ಬಾಯಿಗೆ ಬರಲಿಲ್ಲ. ಸೆಲ್ಲು ಸತ್ತದ್ದು ಅವಳಿಗೆ ಗೊತ್ತಿದ್ದರೆ, ನನಗೆ ಕಲಿಸಲೆಂದು ಅಷ್ಟು ದಿನ ಸುಮ್ಮನಿದ್ದಳು ಎಂದಾಗುತ್ತದೆ, ಅದು ಜಾಣತನ. ಗೊತ್ತಿಲ್ಲದೆಯೇ, ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಇಡೀ ಸುಗ್ಗಿ ಎರಡು ಪಟ್ಟು ದುಡಿದು ಕಾದಿದ್ದರೆ, ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ರಾಯಚೂರಿನ ಬಸ್ಸು ಹತ್ತಿದ ಮೇಲೆ ಬರೆದು ಕಳಿಸಿದೆ: "ಅತ್ತೀ, ಆ ಗಡಿಯಾರ ಹಿಂದಕ್ಕ ಹೋಗ್ತದಂತ ನಿನಗ ಮೊದ್ಲ ಗೊತ್ತಿತ್ತೇನು?"

ರಾಯಚೂರಿನಲ್ಲಿ ಇಳಿಯುವಾಗ ಉತ್ತರ ಬಂತು: "ಊರು ಮುಟ್ಟಿದೇನು? ಡಬ್ಬಿ ಇಲ್ಲೇ ಮರತು ಹೋಗೀದಿ." ಮುಟ್ಟಿದೆ ಎಂದು ಬರೆದೆ. ನನ್ನ ಪ್ರಶ್ನೆ ಫೋನಿನಲ್ಲಿ ಆ ಸಾಲುಗಳ ಮೇಲೆ ಹಾಗೇ ಕೂತಿದೆ.